ಸ್ಟ್ಯಾಂಡ್‌ಅಪ್ ಹಾಸ್ಯಗಾರ ಬಿಲ್ ಹಿಕ್ಸ್ ಅಷ್ಟು ಚಿಕ್ಕ ವಯಸ್ಸಿಗೆ ತೀರಿಕೊಂಡಿದ್ದು ಹೇಗೆ?

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ. ಆಗ ಅವರಿಗೆ ಬರೀ 32 ವರ್ಷ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದವರು; ಹದಿಹರೆಯದಲ್ಲೇ ರಾತ್ರಿ ಮನೆಯವರ ಕಣ್ಣು ತಪ್ಪಿಸಿ ಹೋಗಿ ಕಾಮಿಡಿ ಕ್ಲಬ್‌ನಲ್ಲಿ ಮೈಕ್ ಹಿಡಿದಿದ್ದರು. ಯುದ್ಧ, ಜಾಹೀರಾತು, ಧರ್ಮ, ಯಾವುದನ್ನೂ ಗೇಲಿ ಮಾಡದೆ ಬಿಡುತ್ತಿರಲಿಲ್ಲ.

1993ರ ಜೂನ್‌ನಲ್ಲಿ ಕಾಯಿಲೆ ಗೊತ್ತಾಗುವಷ್ಟರಲ್ಲಿ ಲಿವರ್‌ಗೂ ಹಬ್ಬಿತ್ತು. ಹೆಚ್ಚಿನವರಿಗೆ ಹೇಳದೆ, ಕೀಮೋಥೆರಪಿ ನಡುವೆಯೇ ಶೋ ಕೊಡುತ್ತಾ ಹೋದರು. ಅಕ್ಟೋಬರ್‌ನಲ್ಲಿ ಡೇವಿಡ್ ಲೆಟರ್‌ಮನ್ ಅವರ ಟಿವಿ ಶೋಗೆ ಮಾಡಿದ ಹಾಸ್ಯವನ್ನು ಪ್ರಸಾರಕ್ಕೆ ಮುಂಚೆ ಪೂರ್ತಿ ಕತ್ತರಿಸಿಬಿಟ್ಟರು. ನನಗೆ ಸಾವಿಗಿಂತ ಇದೇ ಹೆಚ್ಚು ಸಂಕಟ ಕೊಡುತ್ತದೆ. 1994ರ ಫೆಬ್ರವರಿ 26ರಂದು ಲಿಟಲ್ ರಾಕ್‌ನಲ್ಲಿ, ಅಪ್ಪ-ಅಮ್ಮನ ಮನೆಯಲ್ಲೇ ಕೊನೆಯುಸಿರೆಳೆದರು. 2009ರಲ್ಲಿ ಲೆಟರ್‌ಮನ್ ಹಿಕ್ಸ್ ತಾಯಿಯನ್ನು ಅದೇ ಶೋಗೆ ಕರೆಸಿ, ಎದುರಿಗೆ ಕೂರಿಸಿಕೊಂಡು ಕ್ಷಮೆ ಕೇಳಿದರು. ಅಂದು ಕತ್ತರಿಸಿದ್ದ ಹಾಸ್ಯವನ್ನು ಒಂದಕ್ಷರ ಬಿಡದೆ ಪ್ರಸಾರ ಮಾಡಿದರು.