ಮೊದಲ ಸ್ಯಾಕ್ಸೋಫೋನ್: ಸೊಪ್ರಾನೊ, ಆಲ್ಟೊ, ಟೆನರ್ ಯಾವುದು?

ಪ್ರಶ್ನೆ: ನನಗೆ 41 ವರ್ಷ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಚಿಕ್ಕಂದಿನಲ್ಲಿ ಎರಡು ವರ್ಷ ಕೊಳಲು ಕಲಿತಿದ್ದೆ. ಹೋದ ತಿಂಗಳು ನೆಂಟರ ಮದುವೆಯಲ್ಲಿ ವಾಲಗದವರ ಜೊತೆ ಒಬ್ಬರು ಸ್ಯಾಕ್ಸೋಫೋನ್ ನುಡಿಸಿದರು. ಊಟಕ್ಕೆ ಕರೆದರೂ ಏಳಲು ಮನಸ್ಸಾಗಲಿಲ್ಲ. ಈ ವಯಸ್ಸಿನಲ್ಲಿ ಕಲಿಯಬಹುದಾ? ಸನಾದಿ ಥರ ನೇರವಾಗಿರುವ ಹಳೆಯ ಸೊಪ್ರಾನೊ ಒಂದು ಸಿಗುತ್ತಿದೆ. ಚಿಕ್ಕದು, ಸುಲಭ ಅಲ್ವಾ?

ಉತ್ತರ: ಖಂಡಿತ ಕಲಿಯಬಹುದು. ಆದರೆ ಸೊಪ್ರಾನೊ ಬೇಡ, ಅದಕ್ಕಿಂತ ದೊಡ್ಡದು, ಟೆನರ್‌ಗಿಂತ ಚಿಕ್ಕದಾದ ಆಲ್ಟೊ ತಗೊಳ್ಳಿ.

ಸೊಪ್ರಾನೊ ನೋಡಲಿಕ್ಕೆ ಚಿಕ್ಕದು, ಪಳಗಿಸುವುದು ಕಷ್ಟ. ಬಾಯಲ್ಲಿಟ್ಟು ಊದುವ ತುದಿ, ಅಂದರೆ ಮೌತ್‌ಪೀಸ್, ಸಣ್ಣದಾದ್ದರಿಂದ ತುಟಿ ಸ್ವಲ್ಪ ಬಿಗಿಯಾದರೂ ಶ್ರುತಿ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ಟೆನರ್ ದನಿ ಗಂಭೀರ, ನನಗೂ ಬಹಳ ಇಷ್ಟ. ಆದರೆ 3 ಕಿಲೋಗಿಂತ ಜಾಸ್ತಿ ತೂಕ ಕುತ್ತಿಗೆಗೆ ಜೋತು ಬೀಳುತ್ತದೆ, ಉಸಿರೂ ಹೆಚ್ಚು ಬೇಕು. ಆಲ್ಟೊ ಎರಡೂವರೆ ಕಿಲೋ ಆಸುಪಾಸು. ಬೆರಳು ಇಡುವ ಕ್ರಮ ಮೂರರಲ್ಲೂ ಒಂದೇ. ಮುಂದೆ ಟೆನರ್ ಬೇಕೆನಿಸಿದರೆ ಕಲಿತದ್ದು ದಂಡವಾಗುವುದಿಲ್ಲ. ಕದ್ರಿ ಗೋಪಾಲನಾಥ್ ಅವರು ಕರ್ನಾಟಕ ಸಂಗೀತದ ಗಮಕಗಳನ್ನೆಲ್ಲ ಹೊರಡಿಸಿದ್ದು ಆಲ್ಟೊದಲ್ಲೇ. ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತವರು ಅವರು. ತಂದೆ ನಾಗಸ್ವರದವರು.

ಒಂದು ವಿಷಯ ಮೊದಲೇ ತಿಳಿದಿರಲಿ. ಆಲ್ಟೊದಲ್ಲಿ 'ಸಿ' ಸ್ವರಕ್ಕೆ ಬೆರಳಿಟ್ಟರೆ ಕೇಳಿಸುವುದು ಹಾರ್ಮೋನಿಯಂನ ಬಿಳಿ ಒಂದಲ್ಲ, ಕಪ್ಪು ಎರಡು (ಎರಡನೇ ಕಪ್ಪು ಮನೆ). ಟೆನರ್‌ನಲ್ಲಾದರೆ ಕಪ್ಪು ಐದು. ಇದು ಗೊತ್ತಿಲ್ಲದೆ ಭಜನೆಯಲ್ಲಿ ಹಾರ್ಮೋನಿಯಂ ಪಕ್ಕ ಕೂತು ನುಡಿಸಿ, "ವಾದ್ಯವೇ ಸರಿ ಇಲ್ಲ" ಎಂದು ವಾಪಸ್ ಕೊಟ್ಟವರನ್ನು ನೋಡಿದ್ದೇನೆ.

ಇನ್ನು ಕೊಳ್ಳುವ ಮಾತು. ನಾನು ಮೊದಲು ಕೊಂಡದ್ದು ತೀರಾ ಅಗ್ಗದ ಹೊಸ ವಾದ್ಯ. ಮೂರೇ ತಿಂಗಳಿಗೆ ಬೆರಳಿನಿಂದ ಒತ್ತುವ ಕೀಲಿಗಳು ಬಾಗಿದವು. ಕೆಳಗಿನ ಸ್ವರ ಹೊರಡದಿದ್ದಾಗಲೆಲ್ಲ ನನ್ನ ಉಸಿರೇ ಸಾಲದು ಅಂದುಕೊಂಡು ಆರು ತಿಂಗಳು ಕೊರಗಿದೆ. ಅದಕ್ಕೇ ಹೇಳುತ್ತೇನೆ, ಒಳ್ಳೆಯ ಕಂಪನಿಯ ಬಳಸಿದ ವಾದ್ಯವೇ ಮೇಲು. ನೋಡಲು ಹೋಗುವಾಗ ದೀಪಾವಳಿಗೆ ಹಾಕುವ ಸಣ್ಣ ಎಲ್ಇಡಿ ಸೀರಿಯಲ್ ಸೆಟ್ ಒಯ್ಯಿರಿ. ಮೇಲಿನ ಬಾಗಿದ ಕೊಳವೆ ಕಳಚಿ, ಕೋಣೆ ಕತ್ತಲು ಮಾಡಿ, ದೀಪದ ಸರವನ್ನು ಒಳಗೆ ಇಳಿಬಿಡಿ. ಕೀಲಿಗಳನ್ನು ಒಂದೊಂದಾಗಿ ಮೆಲ್ಲಗೆ ಮುಚ್ಚಿ. ಕೀಲಿಯಡಿ ರಂಧ್ರ ಮುಚ್ಚುವ ಮೆತ್ತೆಯ, ಅಂದರೆ ಪ್ಯಾಡ್‌ನ, ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅಲ್ಲಿ ಗಾಳಿ ಸೋರುತ್ತದೆ. ಒಂದೆರಡು ಕಡೆ ಸೋರಿದರೆ ರಿಪೇರಿಯಾಗುತ್ತದೆ. ಎಲ್ಲ ಕಡೆ ಸೋರಿದರೆ ಬಿಟ್ಟುಬಿಡಿ.

ಕೊಳಲು ಕಲಿತದ್ದು ನಿಮಗೆ ಉಪಯೋಗಕ್ಕೆ ಬರುತ್ತದೆ, ಆದರೆ ತುಟಿಯ ಅಭ್ಯಾಸ ಹೊಸದು. ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ, ಕೆಳತುಟಿ ಕೆಳಹಲ್ಲಿನ ಮೇಲೆ ಸ್ವಲ್ಪ ಮಡಚಿ, ಅದರ ಮೇಲೆ ರೀಡ್. ಮೈಯೆಲ್ಲ ಹಿತ್ತಾಳೆಯಾದರೂ ದನಿ ಹುಟ್ಟುವುದು ಜೊಂಡಿನಿಂದ ಸೀಳಿದ ಆ ತೆಳು ಪಟ್ಟಿಯಲ್ಲೇ. ಒಂದೂವರೆ ಅಥವಾ ಎರಡು ನಂಬರಿನ ರೀಡ್ ಕೇಳಿ ತಗೊಳ್ಳಿ. ಒಣ ರೀಡ್ ಕೀರಲುತ್ತದೆ, ಬಾಯಲ್ಲಿಟ್ಟು ನೆನೆಸಿಕೊಳ್ಳಿ. ಮೊದಲ ತಿಂಗಳು ಹಾಡಿನ ಆಸೆ ಬೇಡ. ದಿನಾ 20 ನಿಮಿಷ ಶ್ರುತಿ ಹಾಕಿಕೊಂಡು ಒಂದೊಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಅಲುಗದಂತೆ ಹಿಡಿಯಿರಿ.

ಮಂಡಕ್ಕಿ ಮಿರ್ಚಿ ತಿಂದು ಬಾಯಿ ಮುಕ್ಕಳಿಸದೆ ವಾದ್ಯ ಮುಟ್ಟಬೇಡಿ. ಎಣ್ಣೆ, ಖಾರ ರೀಡ್‌ಗೂ ಪ್ಯಾಡ್‌ಗೂ ಕೆಟ್ಟದ್ದು. ನಮ್ಮ ಏಪ್ರಿಲ್ ಬಿಸಿಲಲ್ಲಿ ಕಾರಿನಲ್ಲಿಟ್ಟು ಹೋಗಬೇಡಿ. ಪ್ಯಾಡ್ ಅಂಟಿಸಿರುವ ಅರಗು ಮೆತ್ತಗಾಗಿ ಜರುಗುತ್ತದೆ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಚಿತ್ರದುರ್ಗದಲ್ಲಿದ್ದೇವೆ. ಸ್ಯಾಕ್ಸೋಫೋನ್ ಬೇಕೆಂದು ಹಟ ಹಿಡಿದಿದ್ದಾಳೆ. ಕೊಡಿಸಲಾ?

ಉತ್ತರ: ಈಗಲೇ ಬೇಡಮ್ಮ. ಬಾಯಿಯ ಮುಂಭಾಗದ ಹೊಸ ಹಲ್ಲು ಗಟ್ಟಿಯಾಗಲಿ. ಅಲ್ಲಿಯವರೆಗೆ ರೆಕಾರ್ಡರ್ ಎಂಬ ಪುಟ್ಟ ಊದುವ ಕೊಳಲು ಕೊಡಿಸಿ. ಅದರಲ್ಲಿ ಬೆರಳು ಎತ್ತಿಡುವ ಕ್ರಮ ಸ್ಯಾಕ್ಸೋಫೋನಿಗೆ ಹತ್ತಿರ. ಹತ್ತು ಹನ್ನೊಂದಕ್ಕೆ ಯಾರದ್ದಾದರೂ ಆಲ್ಟೊ ಹಿಡಿಸಿ ನೋಡಿ. ಬಲಗೈ ಕಿರುಬೆರಳು ಕೆಳಗಿನ ಕೀಲಿಗೆ ಆರಾಮಾಗಿ ಎಟುಕಿದರೆ ಶುರು ಮಾಡಿಸಿ.