ಖಾಲಿ ಪಂಪ್‌ಗಳನ್ನು ಎಣಿಸಿ ನೋಡಿ

ಮಗಳಿಗೆ ಉಬ್ಬಸವಿರುವುದನ್ನು ಗಂಡಿನ ಕಡೆಯವರಿಗೆ ಹೇಳಬೇಕೋ ಬೇಡವೋ ಎಂದು ಕೇಳಿದ್ದೀರಿ. ಹೇಳಿ. ಮುಚ್ಚಿಟ್ಟರೆ ನಾಳೆ ಆ ಮನೆಯಲ್ಲಿ ಅವಳು ಬಚ್ಚಲ ಬಾಗಿಲು ಹಾಕಿಕೊಂಡು ಪಂಪ್ ಎಳೆದುಕೊಳ್ಳಬೇಕಾದೀತು. ಆದರೆ ನನಗೆ ದಿಗಿಲಾಗಿದ್ದು ಪತ್ರದ ಕೊನೆಗೆ ನೀವು ಸೇರಿಸಿದ ಸಾಲಿನಿಂದ: ‘ಆರು ತಿಂಗಳು ಬರುತ್ತಿದ್ದ ನೀಲಿ ಪಂಪ್ ಈಗ ಇಪ್ಪತ್ತೇ ದಿನಕ್ಕೆ ಖಾಲಿ, ಖರ್ಚೂ ಜಾಸ್ತಿ.’

ಅದು ಖರ್ಚಿನ ಮಾತಲ್ಲಮ್ಮ. ಒಂದು ಪಂಪ್‌ನ 200 ಪಫ್ 20 ದಿನಕ್ಕೆ ಮುಗಿದರೆ ದಿನಕ್ಕೆ 10 ಆಯಿತು. ವರ್ಷಕ್ಕೆ 3 ಪಂಪ್ ಮುಗಿದರೇ ಉಬ್ಬಸ ಕೆರಳುವ ಅಪಾಯ ಹೆಚ್ಚು. 12 ದಾಟಿದರೆ ಜೀವಕ್ಕೇ ಅಪಾಯ.

ನೀಲಿ ಪಂಪ್‌ನ ಸಾಲ್ಬುಟಮಾಲ್, ಶ್ವಾಸನಾಳದ ಸ್ನಾಯುಕೋಶಗಳ ಮೇಲಿರುವ ಬೀಟಾ-2 ಗ್ರಾಹಕಗಳನ್ನು (ಮದ್ದಿನ ಸಂಕೇತವನ್ನು ಕೋಶಕ್ಕೆ ಮುಟ್ಟಿಸುವ ರಿಸೆಪ್ಟರ್‌ಗಳನ್ನು) ಹಿಡಿದು ಸ್ನಾಯುವನ್ನು ಸಡಿಲಿಸುತ್ತದೆ. ಮದ್ದು ಮೇಲಿಂದ ಮೇಲೆ ಬರುತ್ತಿದ್ದರೆ ಕೋಶ ಸುಮ್ಮನಿರುವುದಿಲ್ಲ. ನಿಮಿಷಗಳಲ್ಲೇ ಗ್ರಾಹಕದ ಒಳತುದಿಗೆ ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಗೆ ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಕೂತು ಸಂಕೇತವನ್ನು ತಡೆಯುತ್ತದೆ, ಗ್ರಾಹಕ ಕೋಶದೊಳಕ್ಕೆ ಸರಿಯುತ್ತದೆ. ಬಿಡುವು ಸಿಕ್ಕರೆ ಬಹಳಷ್ಟು ಗ್ರಾಹಕಗಳು ಮತ್ತೆ ಮೇಲೆ ಬರುತ್ತವೆ. ಬಿಡುವೇ ಕೊಡದಿದ್ದರೆ ಕೋಶ ಅವನ್ನು ಒಳಗೇ ಕರಗಿಸಿ, ಹೊಸದನ್ನು ತಯಾರಿಸುವುದನ್ನೂ ತಗ್ಗಿಸುತ್ತದೆ. ಇತ್ತ ನಾಳದ ಒಳಗಿನ ಊತ ಏರುತ್ತಲೇ ಇರುತ್ತದೆ. ಎರಡು ಪಫ್‌ಗೆ ಇಳಿಯುತ್ತಿದ್ದ ಉಬ್ಬಸ ಈಗ ನಾಲ್ಕಕ್ಕೂ ಜಗ್ಗದಿರುವುದು ಇದಕ್ಕೇ.

ಊತ ಇಳಿಸುವುದು ಕಂದು ಪಂಪ್‌ನ ಸ್ಟೀರಾಯ್ಡ್. ಬೀಟಾ-2 ಗ್ರಾಹಕಗಳನ್ನು ಹೆಚ್ಚು ತಯಾರಿಸುವಂತೆ ಕೋಶವನ್ನು ಪ್ರೇರೇಪಿಸುವುದೂ ಅದೇ. ‘ಸ್ಟೀರಾಯ್ಡ್‌ನಿಂದ ಮೈ ಬರುತ್ತೆ, ಗಂಡು ನೋಡುವಾಗ ಬೇಡ’ ಎಂದು ಅದನ್ನೇ ಬಿಡಿಸಿದ ನಿಮ್ಮ ನಾದಿನಿಯ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. 5 ಮಿಲಿಗ್ರಾಂನ ಸ್ಟೀರಾಯ್ಡ್ ಮಾತ್ರೆ ಎಂದರೆ 5,000 ಮೈಕ್ರೋಗ್ರಾಂ. ಪಂಪ್‌ನ ಒಂದು ಪಫ್‌ನಲ್ಲಿ ಸಾಮಾನ್ಯವಾಗಿ 100 ಅಥವಾ 200, ಅದೂ ನೇರ ಶ್ವಾಸನಾಳಕ್ಕೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಲ್ಲಿ ಬಿಳಿ ಅಗ್ರ ಕಟ್ಟುವುದೂ ತಪ್ಪುತ್ತದೆ. ಚೀಟಿ ಕೇಳದೆ ನೀಲಿ ಪಂಪ್ ಕೊಡುತ್ತಲೇ ಬಂದ ಮೆಡಿಕಲ್ ಶಾಪಿನವರದೂ ತಪ್ಪೇ.

ನೀವು ಮಾಡಬೇಕಾದ್ದು ಒಂದೇ. ನಾಳೆಯೇ ಎರಡೂ ಪಂಪ್ ಹಿಡಿದು ಮಗಳನ್ನು ಶ್ವಾಸಕೋಶ ತಜ್ಞರ ಬಳಿ ಕರೆದೊಯ್ಯಿರಿ. ಕೂತ ಕೂಡಲೇ ‘ದಿನಕ್ಕೆ 10 ಪಫ್, ಕಂದು ಪಂಪ್ ಬಿಟ್ಟಿದ್ದಾಳೆ’ ಎಂದು ಹೇಳಿ. ಅಲ್ಲಿಯವರೆಗೆ ನೀಲಿ ಪಂಪ್ ಅವಳಿಂದ ಕಿತ್ತುಕೊಳ್ಳಬೇಡಿ. ಈ ನಡುವೆ ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಗಟ್ಟಿದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ 108ಕ್ಕೆ ಕರೆ ಮಾಡಿ.