ಒತ್ತಕ್ಷರ ಬಂದ್ರೆ ಮಗ ಊಹೆ ಮಾಡಿ ಓದ್ತಾನೆ, ಏನ್ಮಾಡ್ಲಿ?

ಪ್ರಶ್ನೆ: ಮೇಡಂ, ನನ್ನ ಮಗ ಮೂರನೇ ಕ್ಲಾಸು, ಕನ್ನಡ ಮೀಡಿಯಂ. ಕಾಗುಣಿತ ಗಡಗಡ ಅಂತ ಒಪ್ಪಿಸ್ತಾನೆ. ಆದ್ರೆ ಪಾಠ ಓದು ಅಂದ್ರೆ ಮೊದಲಕ್ಷರ ನೋಡಿ ಬಾಯಿಗೆ ಬಂದಿದ್ದು ಹೇಳ್ಬಿಡ್ತಾನೆ, ‘ಪುಸ್ತಕ’ ಅಂತಿದ್ರೆ ‘ಪುಟ’ ಅಂತಾನೆ. ಹೊಸ ಪದ ಬಂದ್ರೆ ನನ್ನ ಮುಖ ನೋಡ್ತಾನೆ. ಗದರಿದ್ರೆ ಅಳ್ತಾನೆ.

ಉತ್ತರ: ಗದರಬೇಡಿ ಅಮ್ಮಾ, ಅವನದು ಸೋಮಾರಿತನ ಅಲ್ಲ. ನಮ್ಮ 34 ವ್ಯಂಜನಕ್ಕೆ ಕಾಗುಣಿತ ಸೇರಿಸಿದ್ರೇನೆ 400 ದಾಟತ್ತೆ, ಅದ್ರ ಮೇಲೆ ಒತ್ತಕ್ಷರ ಬೇರೆ, ಮೂರನೇ ಕ್ಲಾಸಲ್ಲಿ ಇಲ್ಲೇ ಎಡವೋ ಮಕ್ಕಳು ತುಂಬಾ ಜನ ಇದಾರೆ. ಇನ್ನು ಕಾಗುಣಿತ ಸಾಲಾಗಿ ಹೇಳೋದು ಬಾಯಿಪಾಠ ಅಷ್ಟೇ, ‘ಮೀ, ಕೊ, ಸು, ಟೆ’ ಅಂತ ಅಡ್ಡಾದಿಡ್ಡಿ ಬರೆದು ಓದಿಸಿ ನೋಡಿ, ತಡವರಿಸಿದ್ರೆ ಅಲ್ಲಿಂದಾನೇ ಶುರು ಮಾಡಿ.

ಅದು ಸರಿ ಇದ್ರೆ ತೊಂದ್ರೆ ಒತ್ತಕ್ಷರದ್ದು. ‘ಆಸ್ತಿ’ ಅಂತ ಬರೆದು ಮಗುವಿನ ಕಣ್ಣಲ್ಲಿ ನೋಡಿ. ಕಾಣೋದು ‘ಸಿ’, ಅದ್ರ ಕೆಳಗೆ ತ ಒತ್ತು. ಗುಡಿಸು ಕೂತಿರೋದು ಸ ಮೇಲೆ, ಆದ್ರೆ ‘ಇ’ ಸೌಂಡ್ ಬರ್ಬೇಕಾಗಿರೋದು ತ ಆದ್ಮೇಲೆ! ಅದಕ್ಕೇ ಮಕ್ಕಳು ‘ಆಸಿತ’ ಅಂತ ಓದೋದು, ‘ಸೂರ್ಯ’ನ ‘ಸೂಯ್ರ’ ಮಾಡೋದು. ಕಣ್ಣಿಗೆ ಕಂಡ ಹಾಗೇ ಓದಿರ್ತಾವೆ ಪಾಪ, ನಾವು ತಪ್ಪು ಅಂತ ಬೈತೀವಿ, ಆಮೇಲೆ ನೋಡೋದನ್ನೇ ಬಿಟ್ಟು ಊಹೆ ಶುರು ಮಾಡ್ತಾವೆ.

ಸ್ಲೇಟಲ್ಲಿ ‘ಸ್’ ಒಂದು ಕಡೆ ‘ತಿ’ ಒಂದು ಕಡೆ ಬರೀರಿ, ಬಿಡಿಬಿಡಿಯಾಗಿ ಹೇಳಿಸಿ, ಆಮೇಲೆ ಬೇಗ ಬೇಗ ಸೇರಿಸಿ ಹೇಳಿಸಿ, ಅವನ ಕಣ್ಮುಂದೇನೆ ‘ಸ್ತಿ’ ಬರೀರಿ, ತಕ್ಷಣ ಅದೇ ಇರೋ ಪದಗಳು ಕೊಡಿ: ಜಾಸ್ತಿ, ಕುಸ್ತಿ, ದೋಸ್ತಿ. ಒಂದ್ಸಲಕ್ಕೆ ಒಂದೇ ಒತ್ತು ಸಾಕು. ಮೊದಲು ಅಕ್ಕ, ಅಜ್ಜ, ಹಳ್ಳಿ ಥರ ಅದೇ ಅಕ್ಷರದ ಒತ್ತು. ತ, ನ, ಮ, ಯ, ರ ಒತ್ತುಗಳು ಮೂಲ ಅಕ್ಷರದ ಹಾಗೆ ಕಾಣಲ್ಲ, ಅವನ್ನ ಬೇರೆಯಾಗೇ ಗುರುತು ಹಿಡಿಸ್ಬೇಕು.

‘ಹೋಗಬೇಕಾಗಿತ್ತು’ ಥರ ಉದ್ದ ಪದ ಬಂದಾಗ ಒಂದು ಚೀಟಿ ಅಡ್ಡ ಇಟ್ಟು ‘ಹೋಗ’ ಮಾತ್ರ ತೋರಿಸಿ, ಆಮೇಲೆ ‘ಬೇಕಾಗಿ’, ಆಮೇಲೆ ‘ತ್ತು’. ಕೊನೆಗೆ ಚೀಟಿ ತೆಗೆದು ಪೂರ್ತಿ ಪದ, ಆಮೇಲೆ ಪೂರ್ತಿ ವಾಕ್ಯ ಮತ್ತೊಮ್ಮೆ ಓದಿಸಿ, ಇಲ್ದಿದ್ರೆ ಅರ್ಥ ಕೈತಪ್ಪಿ ಹೋಗತ್ತೆ.

ದಯವಿಟ್ಟು ‘ಚಿತ್ರ ನೋಡಿ ಹೇಳು’ ಅನ್ಬೇಡಿ. ಚಿತ್ರ ಇರೋದು ಓದಾದ್ಮೇಲೆ ಸರಿನಾ ಅಂತ ನೋಡ್ಕೊಳ್ಳೋಕೆ. ಅವನು ಮುಖ ನೋಡಿದ ತಕ್ಷಣ ಪದ ಹೇಳ್ಕೊಡ್ಲೂ ಬೇಡಿ, ಸ್ವಲ್ಪ ಕಾಯಿರಿ, ಸಿಕ್ಕಾಕ್ಕೊಂಡಿರೋ ಅಕ್ಷರ ಮಾತ್ರ ಬೆರಳಿಟ್ಟು ತೋರಿಸಿ. ದಿನಾ ಹತ್ತು ಹದಿನೈದು ನಿಮಿಷ ಸಾಕು.

ಎರಡು ಮೂರು ತಿಂಗಳು ಹೀಗೆ ಮಾಡಿದ್ರೂ ಬಿಡಿ ಅಕ್ಷರದಲ್ಲೇ ತಡವರಿಸ್ತಿದ್ರೆ ಮೊದಲು ಕಣ್ಣು, ಕಿವಿ ಟೆಸ್ಟ್ ಮಾಡಿಸಿ. ಅದ್ರಲ್ಲಿ ಏನೂ ಇಲ್ಲ ಅಂದ್ರೆ ಡಿಸ್ಲೆಕ್ಸಿಯಾ, ಅಂದ್ರೆ ಬುದ್ಧಿ ಚೆನ್ನಾಗಿದ್ರೂ ಓದೋದು ಬರೆಯೋದು ಕಷ್ಟ ಆಗೋ ತೊಂದ್ರೆ, ಇದೆಯಾ ಅಂತ ನೋಡಿಸಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಈ ಪರೀಕ್ಷೆ ಮಾಡ್ತಾರೆ. ಹೋಗುವಾಗ ಅವನ ನೋಟ್‌ಬುಕ್ಕುಗಳನ್ನೂ ತಗೊಂಡು ಹೋಗಿ.